ಮೂರು ಚಕ್ರದಲ್ಲಿ ಶ್ರೀಲಂಕಾದ ಬೆಟ್ಟಗಳು: ಗೆಳೆಯನ ಜೊತೆ ಹೊರಡುವವರಿಗೆ ಒಂದು ಮಾರ್ಗದರ್ಶಿ

ಚಾಮುಂಡಿ ಬೆಟ್ಟದ ರಸ್ತೆ ಪಕ್ಕ ಟ್ರೈಕ್, ಅಂದರೆ ಮೂರು ಚಕ್ರದ ಸೈಕಲ್, ನಿಲ್ಲಿಸಿ ನೀರು ಕುಡಿಯುತ್ತಾ ಕೂತರೆ ಸಾಕು, ವಾಕಿಂಗ್ ಬಂದವರು ಸುತ್ತ ನಿಲ್ಲುತ್ತಾರೆ. "ಮೂರು ಚಕ್ರ ಇಟ್ಕೊಂಡು ಬೆಟ್ಟ ಹತ್ತೋಕಾಗುತ್ತಾ ಸರ್?" ಅನ್ನುವುದೇ ಎಲ್ಲರ ಮೊದಲ ಪ್ರಶ್ನೆ. ಆಗುತ್ತೆ. ಮೈಸೂರಿನ ನಾನು, ಮಂಡ್ಯದ ನನ್ನ ಗೆಳೆಯ ಇಬ್ಬರೂ ಎರಡು ಟ್ರೈಕ್‌ಗಳಲ್ಲಿ ಶ್ರೀಲಂಕಾದ ಕ್ಯಾಂಡಿಯಿಂದ ಹೊರಟು, ನುವರ ಎಲಿಯ ಹತ್ತಿ, 'ಎಲ್ಲ' ಅನ್ನುವ ಊರು ದಾಟಿ, ಕೆಳಗಿನ ವೆಲ್ಲವಾಯಕ್ಕೆ ಇಳಿದು ಬಂದೆವು.

ನನ್ನ ಗೆಳೆಯನಿಗೆ ಕಿವಿಯ ತೊಂದರೆಯಿಂದ ಆಗಾಗ ತಲೆ ಸುತ್ತುತ್ತದೆ. ಎರಡು ಚಕ್ರದ ಸೈಕಲ್ ಬಿಟ್ಟು ಐದು ವರ್ಷವಾಗಿತ್ತು. ಟ್ರೈಕ್ ಅವನಿಗೆ ರಸ್ತೆಯನ್ನು ವಾಪಸ್ ಕೊಟ್ಟಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮಂಡಿ ನೋವು, ಸೊಂಟ ನೋವು, ಬ್ಯಾಲೆನ್ಸ್ ಸಿಗದಿರುವುದು, ವಯಸ್ಸು ಅಂತ ಸೈಕಲ್ ಬಿಟ್ಟವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರು ಬೆಟ್ಟವನ್ನೂ ಬಿಡಬೇಕಾಗಿಲ್ಲ. ಡಾಕ್ಟರನ್ನು ಒಮ್ಮೆ ಕೇಳಿ, ಆಮೇಲೆ ಮುಂದೆ ಓದಿ.

ಮೊದಲು ಗಾಡಿ ಅರ್ಥ ಮಾಡಿಕೊಳ್ಳಿ

ಮಕ್ಕಳ ಸೈಕಲ್‌ನಲ್ಲಿ ಮುಂದೆ ಒಂದು ಚಕ್ರ, ಹಿಂದೆ ಎರಡು. ದೂರ ಹೋಗುವ ಟ್ರೈಕ್ ಅದರ ಉಲ್ಟಾ: ಮುಂದೆ ಎರಡು, ಹಿಂದೆ ಒಂದು. ಇದಕ್ಕೆ 'ಟ್ಯಾಡ್‌ಪೋಲ್' ಅಂತ ಹೆಸರು, ಅಂದರೆ ಗೊದಮೊಟ್ಟೆ. ಮೇಲಿಂದ ನೋಡಿದರೆ ಹಾಗೇ ಕಾಣುತ್ತದೆ, ತಲೆ ಅಗಲ, ಬಾಲ ಸಣ್ಣ. ಈಸಿಚೇರಿನಲ್ಲಿ ಒರಗಿದ ಹಾಗೆ ಕೂತು, ಕಾಲು ಮುಂದೆ ಚಾಚಿ ಪೆಡಲ್ ತುಳಿಯುವುದು. ಸೀಟು ನೆಲದಿಂದ ಒಂದಡಿ ಎತ್ತರ ಇರುತ್ತದೆ ಅಷ್ಟೆ. ಗಾಡಿಯ ತೂಕ 15ರಿಂದ 20 ಕೆ.ಜಿ., ಅಗಲ 80 ಸೆಂಟಿಮೀಟರ್ ಆಚೀಚೆ.

ಹಿಂದೆ ಎರಡು ಚಕ್ರ ಇರುವ ಸಾದಾ ಟ್ರೈಸಿಕಲ್ ಬೆಟ್ಟದ ಇಳಿಜಾರಿಗೆ ಬೇಡ. ಅದರಲ್ಲಿ ಎತ್ತರದಲ್ಲಿ ಕೂರುತ್ತೀರಿ, ತಿರುವಿನಲ್ಲಿ ಸುಲಭವಾಗಿ ಮಗುಚುತ್ತದೆ.

ಏರಿನಲ್ಲಿ ಟ್ರೈಕ್‌ನ ದೊಡ್ಡ ಗುಣ ಒಂದೇ. ಎಷ್ಟು ನಿಧಾನಕ್ಕೆ ಹೋದರೂ ಬೀಳುವುದಿಲ್ಲ. ಎರಡು ಚಕ್ರದಲ್ಲಿ ಗಂಟೆಗೆ ಐದು ಕಿಲೋಮೀಟರಿಗಿಂತ ಕೆಳಗೆ ಬಂದರೆ ಹ್ಯಾಂಡಲ್ ತೂಗಾಡಲು ಶುರುವಾಗುತ್ತದೆ. ಟ್ರೈಕ್‌ನಲ್ಲಿ ಮೂರಕ್ಕೆ ಇಳಿದರೂ ನೇರ ಹೋಗುತ್ತದೆ. ಏರಿನ ಮಧ್ಯೆ ನಿಲ್ಲಿಸಿ, ಬ್ರೇಕ್ ಲಾಕ್ ಹಾಕಿ, ಕೂತಲ್ಲೇ ಬಾಳೆಹಣ್ಣು ತಿಂದು, ಮತ್ತೆ ಅಲ್ಲಿಂದಲೇ ಹೊರಡಬಹುದು. ಕಡಿದಾದ ಏರಿನಲ್ಲಿ ಹೀಗೆ ಹೊರಡಲು ಎರಡು ಚಕ್ರದವರು ಒದ್ದಾಡುತ್ತಾರೆ. ಈ ಗುಣ ಕೈಗೆ ಸಿಗಬೇಕಾದರೆ ಗೇರು ಸರಿ ಇರಬೇಕು.

ಗೇರು: ಇಲ್ಲಿ ದುಡ್ಡು ಉಳಿಸಬೇಡಿ

ಅಂಗಡಿಯಿಂದ ಬರುವ ಬಹುತೇಕ ಟ್ರೈಕ್‌ಗಳ ಗೇರು ಸಮತಟ್ಟು ರಸ್ತೆಗೆ ಹೇಳಿದ್ದು. ಬೆಟ್ಟಕ್ಕೆ ಇನ್ನೂ ಹಗುರ ಬೇಕು. ನಾವು ಮುಂದಿನ ಸಣ್ಣ ಚೈನ್‌ರಿಂಗ್ (ಪೆಡಲ್ ಹತ್ತಿರದ ಹಲ್ಲಿನ ಚಕ್ರ) ತೆಗೆಸಿ 22 ಹಲ್ಲಿನದು ಹಾಕಿಸಿದೆವು, ಹಿಂದೆ ಕ್ಯಾಸೆಟ್‌ನಲ್ಲಿ (ಹಿಂದಿನ ಚಕ್ರದ ಹಲ್ಲಿನ ಚಕ್ರಗಳ ಗೊಂಚಲು) ದೊಡ್ಡದು 36 ಹಲ್ಲು. ಹಿಂದಿನ ಚಕ್ರ 20 ಇಂಚಿನದು. ಪೆಡಲ್ ಒಂದು ಸುತ್ತು ತಿರುಗಿದರೆ ಗಾಡಿ ಮುಂದೆ ಹೋಗುವುದು ಸುಮಾರು 93 ಸೆಂಟಿಮೀಟರ್, ಒಂದು ಮೀಟರ್ ಕೂಡ ಇಲ್ಲ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 3.3 ಕಿಲೋಮೀಟರ್. ನಡೆಯುವವರು ನಮ್ಮನ್ನು ದಾಟಿ ಹೋಗುತ್ತಾರೆ. ಹೋಗಲಿ ಬಿಡಿ.

ಇಷ್ಟು ಹಗುರ ಗೇರು ಯಾಕೆ ಬೇಕು ಅಂತ ಒಂದು ಲೆಕ್ಕ ನೋಡಿ. ನೀವು, ಗಾಡಿ, ಸಾಮಾನು ಸೇರಿ 100 ಕೆ.ಜಿ. ಅಂದುಕೊಳ್ಳಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 4 ಕಿಲೋಮೀಟರ್ ವೇಗಕ್ಕೆ ಸುಮಾರು 100 ವ್ಯಾಟ್ ಶಕ್ತಿ ಸಾಕು. ಅಭ್ಯಾಸ ಇರುವ ಸಾಮಾನ್ಯ ಮನುಷ್ಯ ಗಂಟೆಗಟ್ಟಲೆ ಕೊಡಬಹುದಾದ ಶಕ್ತಿ ಅದು. ಅದೇ ಏರನ್ನು 8 ಕಿಲೋಮೀಟರ್ ವೇಗದಲ್ಲಿ ಹತ್ತಲು ಹೋದರೆ ಎರಡರಷ್ಟು ಬೇಕು, ಹತ್ತು ನಿಮಿಷದಲ್ಲಿ ಏದುಸಿರು. ಗೇರು ಭಾರ ಇದ್ದರೆ ನಿಮಗೆ ನಿಧಾನ ಹೋಗುವ ಆಯ್ಕೆಯೇ ಇರುವುದಿಲ್ಲ.

ಮಂಡಿ ವಿಷಯ ಇದಕ್ಕಿಂತ ಮುಖ್ಯ. ಟ್ರೈಕ್‌ನಲ್ಲಿ ಎದ್ದು ನಿಂತು ತುಳಿಯುವಂತಿಲ್ಲ. ಬೆನ್ನನ್ನು ಸೀಟಿಗೆ ಒತ್ತಿ ಬಲ ಹಾಕಿ ತಳ್ಳಬಹುದು, ಅಲ್ಲೇ ಅಪಾಯ. ಆ ಬಲವೆಲ್ಲ ಮಂಡಿಗೆ ಹೋಗುತ್ತದೆ. ಕಾಲು ಸಲೀಸಾಗಿ, ಚುರುಕಾಗಿ ತಿರುಗುತ್ತಾ ಇರಬೇಕು. ತಳ್ಳುತ್ತಿದ್ದೀರಿ ಅನ್ನಿಸಿದ ಕೂಡಲೇ ಗೇರು ಇಳಿಸಿ. ಇಳಿಸಲು ಗೇರೇ ಉಳಿದಿಲ್ಲವೇ? ನಿಲ್ಲಿಸಿ, ಎರಡು ನಿಮಿಷ ಕೂತು ಹೊರಡಿ.

ಪಾದ ಕಟ್ಟದೆ ಒಂದಡಿಯೂ ಹೋಗಬೇಡಿ

ಇದನ್ನು ದಯವಿಟ್ಟು ಎರಡು ಸಲ ಓದಿ. ಟ್ರೈಕ್‌ನಲ್ಲಿ ಓಡುವಾಗ ಪಾದ ಪೆಡಲ್‌ನಿಂದ ಜಾರಿದರೆ ಹಿಮ್ಮಡಿ ನೆಲಕ್ಕೆ ತಾಗುತ್ತದೆ. ಗಾಡಿ ಮುಂದೆ ಹೋಗುತ್ತಲೇ ಇರುತ್ತದೆ, ಕಾಲು ಸೀಟಿನ ಅಡಿಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಮೂಳೆ ಮುರಿಯಲು ಕ್ಷಣ ಸಾಕು. ಅದಕ್ಕೇ ಪೆಡಲ್‌ಗೆ ಲಾಕ್ ಆಗುವ ಶೂ ಹಾಕಿ, ಇಲ್ಲವಾದರೆ ಹಿಮ್ಮಡಿ ಹಿಡಿಯುವ ಬಟ್ಟಲಿನಂಥ ಆಸರೆ ಮತ್ತು ಪಟ್ಟಿ ಇರುವ ಪೆಡಲ್ ಹಾಕಿಸಿ. ಎರಡು ಚಕ್ರದವರು ಲಾಕ್ ಶೂ ಅಂದರೆ ಬೀಳುತ್ತೇವೆ ಅಂತ ಹೆದರುತ್ತಾರೆ, ಇಲ್ಲಿ ಆ ಭಯ ಇಲ್ಲ. ಚಪ್ಪಲಿಯಲ್ಲಿ 'ಒಂದು ರೌಂಡ್ ನೋಡ್ತೀನಿ' ಅನ್ನುವ ನೆಂಟರಿಗೂ ಕೊಡಬೇಡಿ.

ಮುಂದಿನ ಚಕ್ರಗಳ ನೇರ

ಮುಂದಿನ ಎರಡು ಚಕ್ರ ಒಂದಕ್ಕೊಂದು ಸರಿಯಾಗಿ ನೇರ ಇಲ್ಲದಿದ್ದರೆ ಟೈರು ರಸ್ತೆಗೆ ಉಜ್ಜಿಕೊಂಡೇ ಓಡುತ್ತದೆ. ಏರಿನಲ್ಲಿ ಸುಮ್ನೆ ಶಕ್ತಿ ದಂಡ, ಹೊಸ ಟೈರು ಕೆಲವು ನೂರು ಕಿಲೋಮೀಟರಿಗೆ ಸವೆದುಹೋಗುತ್ತದೆ. ವಿಮಾನದಲ್ಲಿ ಬಿಚ್ಚಿ ಸಾಗಿಸಿದ ಮೇಲೆ ಇದು ತಪ್ಪುವುದು ಸಾಮಾನ್ಯ. ನೋಡುವುದು ಕಷ್ಟವಲ್ಲ. ನಾವು ಒಂದು ತೆಳು ಬಿದಿರು ಕಡ್ಡಿಯನ್ನು ಎರಡು ರಿಮ್‌ಗಳ ನಡುವೆ, ಮುಂಭಾಗದಲ್ಲಿ, ಬಿಗಿಯಾಗಿ ಕೂರುವ ಉದ್ದಕ್ಕೆ ಕತ್ತರಿಸಿಟ್ಟುಕೊಂಡಿದ್ದೆವು. ಅದೇ ಕಡ್ಡಿಯನ್ನು ಅದೇ ಎತ್ತರದಲ್ಲಿ ರಿಮ್‌ನ ಹಿಂಭಾಗಕ್ಕೆ ಹಿಡಿದರೆ ಒಂದು ನಾಣ್ಯದ ದಪ್ಪದಷ್ಟು ಸಂದು ಉಳಿಯಬೇಕು. ಅಂದರೆ ಮುಂದೆ ಒಂದೆರಡು ಮಿಲಿಮೀಟರ್ ಕಮ್ಮಿ. ಸಂದು ಜಾಸ್ತಿ ಇದ್ದರೆ, ಅಥವಾ ಕಡ್ಡಿ ಹಿಂದೆ ಹಿಡಿಸದೇ ಹೋದರೆ, ಸ್ಟೇರಿಂಗ್ ರಾಡಿನ ನಟ್ಟು ಸಡಿಲಿಸಿ ತಿರುಗಿಸಿ ಸರಿಮಾಡಬೇಕು. ಕ್ಯಾಂಡಿಯ ಗೆಸ್ಟ್‌ಹೌಸ್ ಅಂಗಳದಲ್ಲಿ ನನ್ನ ಗೆಳೆಯ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಈ ಕಡ್ಡಿ ಹಿಡಿದು ನೋಡಿದ. ನನ್ನ ಗಾಡಿಯದು ಪೂರ್ತಿ ಬೆರಳಿನಷ್ಟು ತಪ್ಪಿತ್ತು. ನೋಡದೆ ಹೊರಟಿದ್ದರೆ ಮೊದಲ ದಿನವೇ ಕಾಲು ಸೋತು, ತಪ್ಪು ನನ್ನದೇ ಅಂದುಕೊಳ್ಳುತ್ತಿದ್ದೆ.

ಇಲ್ಲೇ ಅಭ್ಯಾಸ

ಸೈಕಲ್ ಚೆನ್ನಾಗಿ ತುಳಿಯುವವರಿಗೂ ಟ್ರೈಕ್‌ಗೆ ಕಾಲು ಪಳಗಲು ಒಂದೆರಡು ತಿಂಗಳು ಬೇಕು. ಕೆಲಸ ಮಾಡುವ ಸ್ನಾಯುಗಳೇ ಬೇರೆ.

ಮೊದಲ ಎರಡು ಮೂರು ವಾರ ಸಮತಟ್ಟು ರಸ್ತೆ. ಮಂಡ್ಯ, ಪಾಂಡವಪುರ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ರಸ್ತೆಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ನೆರಳು, ನೀರು, ಕಡಿಮೆ ವಾಹನ. ಕಬ್ಬಿನ ಲೋಡು ಬಂದರೆ ಮಾತ್ರ ಮೊದಲೇ ಪಕ್ಕಕ್ಕೆ ಸರಿದು ನಿಂತುಬಿಡಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಹೋಗಲೇಬೇಡಿ. 2023ರ ಆಗಸ್ಟ್‌ನಿಂದ ಅಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆಗೆ ಸೈಕಲ್‌ನಂಥ ಮೋಟಾರಿಲ್ಲದ ಗಾಡಿಗಳಿಗೂ ನಿಷೇಧ ಇದೆ. ಸರ್ವಿಸ್ ರಸ್ತೆ ಹಿಡಿಯಿರಿ.

ಆಮೇಲೆ ಏರು. ಪಾಂಡವಪುರದಿಂದ ಜಕ್ಕನಹಳ್ಳಿ ಮೇಲೆ ಮೇಲುಕೋಟೆ ಒಂದು ದಿನ. ಚಾಮುಂಡಿ ಬೆಟ್ಟ ವಾರಕ್ಕೆರಡು ಸಲ, ಬೆಳಕು ಹರಿಯುವ ಹೊತ್ತಿಗೆ. ಶುಕ್ರವಾರ, ಭಾನುವಾರ ಬೇಡ, ಆಷಾಢದಲ್ಲಂತೂ ಬೇಡವೇ ಬೇಡ. ಮೈಸೂರಿನಿಂದ ಬೆಟ್ಟದ ತುದಿಗೆ ಸುಮಾರು 300 ಮೀಟರ್ ಏರು. ಕ್ಯಾಂಡಿ ಇರುವುದು ಸಮುದ್ರಮಟ್ಟದಿಂದ ಸುಮಾರು 500 ಮೀಟರಿನಲ್ಲಿ, ನುವರ ಎಲಿಯ 1,868 ಮೀಟರಿನಲ್ಲಿ. ಅಂದರೆ ಚಾಮುಂಡಿ ಬೆಟ್ಟವನ್ನು ಒಂದರ ಮೇಲೊಂದು ನಾಲ್ಕೂವರೆ ಸಲ ಇಟ್ಟ ಹಾಗೆ. ಒಂದೇ ಬೆಳಿಗ್ಗೆ ಎರಡು ಸಲ ಬೆಟ್ಟ ಹತ್ತಿ, ಮಾರನೇ ದಿನ ಮತ್ತೆರಡು ಸಲ ಹತ್ತಲು ಕಾಲು ಒಪ್ಪಿದರೆ ನೀವು ತಯಾರು.

ಕೊನೆಗೆ ಒಂದು ತಾಲೀಮು, ಪೂರ್ತಿ ಸಾಮಾನು ಹೇರಿಕೊಂಡು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ. ಮೂರು ದಿನ ಇಟ್ಟುಕೊಳ್ಳಿ. ಯಾವ ಚೀಲ ಟೈರಿಗೆ ತಾಗುತ್ತದೆ, ಯಾವ ನಟ್ಟು ಸಡಿಲವಾಗುತ್ತದೆ, ಗೆಳೆಯನಿಗೆ ಎಷ್ಟು ಗಂಟೆಗೆ ಹಸಿವಾಗಿ ಸಿಟ್ಟು ಬರುತ್ತದೆ ಎಲ್ಲ ಇಲ್ಲೇ ಗೊತ್ತಾಗುತ್ತದೆ.

ಸಾಮಾನು ಹೇರುವಾಗ ಹಿಂದಿನ ಚಕ್ರದ ಮೇಲೆ ಭಾರ ಬೀಳಲಿ. ತಳ್ಳುವ ಚಕ್ರ ಅದೊಂದೇ. ಅಲ್ಲಿ ಭಾರ ಇಲ್ಲದಿದ್ದರೆ ಒದ್ದೆ ಏರಿನಲ್ಲಿ ಚಕ್ರ ಸುಮ್ನೆ ತಿರುಗುತ್ತದೆ, ಗಾಡಿ ನಿಂತಲ್ಲೇ ಇರುತ್ತದೆ. ಇನ್ನೊಂದು, ಗುಂಡಿ ತಪ್ಪಿಸುವುದನ್ನು ಹೊಸದಾಗಿ ಕಲಿಯಬೇಕು. ಮುಂದಿನ ಎರಡು ಚಕ್ರ ಗುಂಡಿಯ ಆಚೀಚೆ ದಾಟಿದರೂ ಹಿಂದಿನದು ನೇರ ಅದರೊಳಗೇ ಇಳಿಯುತ್ತದೆ.

ಗೆಳೆಯನ ಜೊತೆ ಮೊದಲೇ ಮಾತಾಡಿಕೊಳ್ಳಿ

ಇಬ್ಬರ ಕಾಲಿನ ಬಲ ಒಂದೇ ಇರುವುದಿಲ್ಲ. ನನಗಿಂತ ಅವನು ಏರಿನಲ್ಲಿ ಜೋರು, ಇಳಿಜಾರಿನಲ್ಲಿ ನಾನು. ನಾವು ಮಡಿಕೇರಿ ದಾರಿಯಲ್ಲೇ ಇದಕ್ಕೆ ಜಗಳ ಆಡಿ ಮುಗಿಸಿದೆವು, ಒಳ್ಳೆಯದೇ ಆಯಿತು. ಅಲ್ಲಿ ಮಾಡಿಕೊಂಡ ಒಪ್ಪಂದ ಕೊನೆವರೆಗೆ ನಡೆಯಿತು.

ಏರಿನಲ್ಲಿ ನಿಧಾನದವನು ಮುಂದೆ. ಇದು ಮುಖ್ಯ. ಜೋರಿನವನು ಮುಂದಿದ್ದರೆ ಅವನು ಕಾದು ಕಾದು ಬೇಸರ ಪಡುತ್ತಾನೆ, ಹಿಂದಿನವನು ಬಂದು ಸೇರಿದ ಕೂಡಲೇ ಜೋರಿನವನು ಹೊರಟುಬಿಡುತ್ತಾನೆ. ಯಾರಿಗೆ ವಿಶ್ರಾಂತಿ ಬೇಕೋ ಅವರಿಗೇ ಸಿಗುವುದಿಲ್ಲ. ನಿಧಾನದವನು ಮುಂದೆ ಇದ್ದರೆ ಜೋರಿನವನಿಗೆ ಹಗುರ ಗೇರಿನಲ್ಲಿ ಹೋಗುವ ಅಭ್ಯಾಸ ತಾನಾಗೇ ಆಗುತ್ತದೆ.

ಇಳಿಜಾರಿನಲ್ಲಿ ನಡುವೆ ಕನಿಷ್ಠ ಐವತ್ತು ಮೀಟರ್ ಅಂತರ. ಮುಂದಿನವನು ಪ್ರತಿ ದೊಡ್ಡ ತಿರುವು ದಾಟಿ ಸುರಕ್ಷಿತ ಜಾಗದಲ್ಲಿ ನಿಂತು, ಹಿಂದಿನವನು ಕಂಡ ಮೇಲೆ ಹೊರಡಬೇಕು. ಗಂಟೆ ಎರಡು ಸಲ ಹೊಡೆದರೆ 'ನಿಲ್ಲು', ಕಾರಣ ಆಮೇಲೆ ಕೇಳಬೇಕು. ಯಾರೊಬ್ಬರು 'ಇವತ್ತಿಗೆ ಸಾಕು' ಅಂದರೂ ಆ ದಿನ ಅಲ್ಲಿಗೇ ಮುಗಿಯಿತು, ಚರ್ಚೆ ಇಲ್ಲ. ನನ್ನ ಗೆಳೆಯನಿಗೆ ತಲೆಸುತ್ತು ಬರಬಹುದು ಅನ್ನುವ ಕಾರಣಕ್ಕೆ ಈ ಮಾತು ಮಾಡಿಕೊಂಡಿದ್ದು. ಆದರೆ ಲಂಕೆಯ ರಂಬೊಡ ಅನ್ನುವ ಊರಿನಲ್ಲಿ ಅದನ್ನು ಬಳಸಿಕೊಂಡವನು ನಾನು.

ಇಬ್ಬರ ಗಾಡಿಗೂ ಚಕ್ರದ ಅಳತೆ ಒಂದೇ ಇದ್ದರೆ ಬಿಡಿಭಾಗ ಅರ್ಧಕ್ಕೆ ಅರ್ಧ ಕಮ್ಮಿ. 20 ಇಂಚು ಅಂತ ಕರೆಯುವ ಚಕ್ರದಲ್ಲೂ ಎರಡು ಅಳತೆ ಇವೆ, ಟೈರಿನ ಮೇಲೆ 406 ಅಥವಾ 451 ಅಂತ ಬರೆದಿರುತ್ತದೆ. 406 ಆರಿಸಿಕೊಳ್ಳಿ, ಮಕ್ಕಳ ಸೈಕಲ್ ಟ್ಯೂಬು ಅದಕ್ಕೆ ಆಗುತ್ತದೆ. ವಾಲ್ವು ಸ್ಕೂಟರಿನಂಥದ್ದೇ ಇರಲಿ, ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಹಾಕುತ್ತಾರೆ. ಎರಡು ಗಾಡಿಗೂ ಸೇರಿ ನಾಲ್ಕು ಟ್ಯೂಬು, ಒಂದು ಟೈರು, ಚೈನ್ ಬಿಚ್ಚುವ ಉಪಕರಣ, ಮೂರು ನಾಲ್ಕು ಚೈನ್ ಲಾಕು (ತುಂಡಾದ ಚೈನ್ ಜೋಡಿಸುವ ಕೊಂಡಿ), ಬ್ರೇಕ್ ಕೇಬಲ್ಲು ಒಯ್ಯಿರಿ. ಹಿಂದಿನ ಗೇರಿನ ಕೇಬಲ್ಲು ಮಾತ್ರ ಉದ್ದದ್ದೇ ಬೇಕು, ಸಾದಾ ಸೈಕಲ್ಲಿನದು ಟ್ರೈಕ್‌ಗೆ ಸಾಲುವುದಿಲ್ಲ. ಇದು ದಾರಿಯಲ್ಲಿ ಸಿಗುವ ವಸ್ತು ಅಲ್ಲ, ಇಲ್ಲಿಂದಲೇ ಇಟ್ಟುಕೊಳ್ಳಿ.

ಕಾಗದಪತ್ರ, ಪ್ಯಾಕಿಂಗ್

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ ಚಿಲ್ಲರೆ. ಅಲ್ಲಿನ ಗಡಿಯಾರವೂ ನಮ್ಮದೇ ಸಮಯ, ರಸ್ತೆಯಲ್ಲಿ ಎಡಗಡೆಯೇ ಓಡಾಟ. ಹೊಸ ದೇಶದಲ್ಲಿ ಮೊದಲ ಸಲ ಟ್ರೈಕ್ ಓಡಿಸುವವರಿಗೆ ಇದು ಸಣ್ಣ ಅನುಕೂಲವಲ್ಲ. ಇ.ಟಿ.ಎ. ಅನ್ನುವ ಪ್ರವೇಶ ಅನುಮತಿಯನ್ನು ಶ್ರೀಲಂಕಾ ಸರ್ಕಾರದ ವೆಬ್‌ಸೈಟಿನಲ್ಲೇ ಹೊರಡುವ ಮೊದಲು ಮಾಡಿಸಿಕೊಳ್ಳಿ. ಪ್ರಯಾಣ ವಿಮೆ ಕೊಳ್ಳುವಾಗ ಸೈಕಲ್ ಸವಾರಿಯ ಅಪಘಾತಕ್ಕೂ ಅನ್ವಯ ಆಗುತ್ತದಾ ಅಂತ ಓದಿ ನೋಡಿ.

ಟಿಕೆಟ್ ಕೊಳ್ಳುವ ಮೊದಲು ವಿಮಾನ ಕಂಪನಿಗೆ ಡಬ್ಬದ ಉದ್ದ, ಅಗಲ, ತೂಕ ತಿಳಿಸಿ, ಒಪ್ಪಿಗೆಯನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ. ಫೋನಿನಲ್ಲಿ 'ಆಯ್ತು ಸರ್' ಅಂದದ್ದು ಕೌಂಟರಿನಲ್ಲಿ ನಡೆಯುವುದಿಲ್ಲ. ಒಂದು ಡಬ್ಬ 32 ಕೆ.ಜಿ. ದಾಟಬಾರದು. ಮಡಚುವ ಟ್ರೈಕ್ ಆದರೆ ಸುಲಭ. ಮಡಚದ್ದಾದರೆ ಸೀಟು, ಚಕ್ರಗಳು, ಪೆಡಲ್ ಇರುವ ಮುಂದಿನ ಕೊಳವೆ ಬಿಚ್ಚಿ. ಬಿಚ್ಚುವ ಮೊದಲು ಪ್ರತಿ ಜೋಡಣೆಯ ಫೋಟೋ ತೆಗೆಯಿರಿ, ಸೀಟು ಮತ್ತು ಕೊಳವೆ ಎಲ್ಲಿತ್ತು ಅಂತ ಟೇಪ್ ಸುತ್ತಿ ಗುರುತು ಮಾಡಿ. ಬೋಲ್ಟುಗಳನ್ನು ಬಿಚ್ಚಿದ ತೂತಿಗೇ ಮತ್ತೆ ಹಾಕಿ ಬಿಗಿದುಬಿಡಿ, ಕವರಿನಲ್ಲಿ ಹಾಕಿದರೆ ಒಂದಾದರೂ ಕಳೆಯುತ್ತದೆ. ಪವರ್‌ಬ್ಯಾಂಕು, ಲೈಟಿನ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು.

ಬೆಂಗಳೂರಿನಲ್ಲಿ ಹೊರಡುವಾಗಲೇ ಕಸ್ಟಮ್ಸ್‌ನವರಿಗೆ ಗಾಡಿ ತೋರಿಸಿ ಒಂದು ರಫ್ತು ಪತ್ರ ಮಾಡಿಸಿಕೊಳ್ಳಿ. ವಾಪಸ್ ಬರುವಾಗ ಹೊರಗೆ ಕೊಂಡ ಮಾಲು ಅಂತ ಸುಂಕ ಕೇಳುವುದು ತಪ್ಪುತ್ತದೆ. ಇದಕ್ಕೆ ಬಿಲ್ಲು ಬೇಕು, ಫ್ರೇಮಿನ ನಂಬರು ಬೇಕು, ಒಂದು ಗಂಟೆ ಹೆಚ್ಚುವರಿ ಸಮಯವೂ ಬೇಕು.

ಯಾವಾಗ, ಎಷ್ಟು ದಿನ

ಜನವರಿಯಿಂದ ಮಾರ್ಚ್ ಒಳ್ಳೆಯದು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಪಶ್ಚಿಮದ ಇಳಿಜಾರನ್ನು ತೋಯಿಸುತ್ತದೆ, ಮಡಿಕೇರಿ ಮಳೆ ಕಂಡವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್ ಮಧ್ಯದಲ್ಲಿ ಸಿಂಹಳ–ತಮಿಳು ಹೊಸ ವರ್ಷ ಬರುತ್ತದೆ, ಆಗ ನುವರ ಎಲಿಯದಲ್ಲಿ ಜನಜಂಗುಳಿ. ಜನವರಿ, ಫೆಬ್ರವರಿ ರಾತ್ರಿ ಅಲ್ಲಿ ಹತ್ತು ಡಿಗ್ರಿಗಿಂತ ಕೆಳಗೆ ಹೋಗುವುದುಂಟು. ಲಂಕೆ ಅಂದರೆ ಸೆಕೆ ಅಂದುಕೊಂಡು ಸ್ವೆಟರ್ ಬಿಟ್ಟು ಹೋಗಬೇಡಿ.

ದಿನಕ್ಕೆ 25ರಿಂದ 30 ಕಿಲೋಮೀಟರ್ ಸಾಕು. ಬೆಳಿಗ್ಗೆ ಆರೂವರೆಗೆ ಹೊರಟು ಹನ್ನೆರಡಕ್ಕೆ ಮುಗಿಸಿ. ಮಧ್ಯಾಹ್ನದ ಮೇಲೆ ಬೆಟ್ಟದಲ್ಲಿ ಮೋಡ ಇಳಿಯುತ್ತದೆ, ನೆಲಕ್ಕೆ ಅಂಟಿದ ಗಾಡಿ ಮಂಜಿನಲ್ಲಿ ಬಸ್ಸಿನವರಿಗೆ ಕಾಣುವುದಿಲ್ಲ. ಆರಡಿ ಎತ್ತರದ ಕಿತ್ತಳೆ ಬಣ್ಣದ ಬಾವುಟ, ಹಗಲಲ್ಲೂ ಮಿನುಗುವ ಹಿಂದಿನ ಲೈಟು, ಎರಡೂ ಕಡೆ ಕನ್ನಡಿ, ಇವಿಲ್ಲದೆ ರಸ್ತೆಗೆ ಇಳಿಯಬೇಡಿ. ಅಲ್ಲಿನ ಖಾಸಗಿ ಬಸ್ಸುಗಳು ಜೋರು. ಹಾರ್ನ್ ಕೇಳಿದರೆ ಪಕ್ಕಕ್ಕೆ ಸರಿದು ದಾರಿ ಬಿಡಿ, ಹಟ ಬೇಡ.

ದಾರಿ

ಕೊಲಂಬೊದಿಂದ ಕ್ಯಾಂಡಿವರೆಗೆ ಟ್ರೈಕ್‌ಗಳನ್ನು ಬಾಡಿಗೆ ಗಾಡಿಯಲ್ಲಿ ಹೇರಿಕೊಂಡು ಹೋಗಿ. ಆ ರಸ್ತೆಯ ದಟ್ಟಣೆಯಲ್ಲಿ ತುಳಿಯುವುದರಲ್ಲಿ ಸುಖ ಇಲ್ಲ. ನಮ್ಮ ಟಾಟಾ ಏಸ್ ಅಲ್ಲಿಯೂ ಇದೆ, ಜನ 'ಡಿಮೊ ಬಟ್ಟಾ' ಅನ್ನುತ್ತಾರೆ. ಎರಡು ಟ್ರೈಕ್ ಡಬ್ಬ ಆರಾಮಾಗಿ ಹಿಡಿಸುತ್ತವೆ.

ಕ್ಯಾಂಡಿಯಲ್ಲಿ ಒಂದು ದಿನ ಗಾಡಿ ಜೋಡಿಸಲು, ಒಂದು ದಿನ ಊರು ನೋಡಲು. ಬುದ್ಧನ ಹಲ್ಲು ಇದೆ ಅನ್ನುವ ದಂತ ದೇಗುಲದ ಪಕ್ಕದ ಅರಮನೆಯಲ್ಲಿ ಆಳಿದ ಕೊನೆಯ ರಾಜ ಶ್ರೀ ವಿಕ್ರಮ ರಾಜಸಿಂಹ ದಕ್ಷಿಣ ಭಾರತ ಮೂಲದ ನಾಯಕ್ ವಂಶದವನು. 1815ರಲ್ಲಿ ಬ್ರಿಟಿಷರು ಅವನನ್ನು ಇಳಿಸಿ ವೆಲ್ಲೂರು ಕೋಟೆಗೆ ಕಳಿಸಿದರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದೂ ಅದೇ ಕೋಟೆಯಲ್ಲಿ. ಇದನ್ನು ಓದಿ ನನ್ನ ಗೆಳೆಯ ಬಹಳ ಹೊತ್ತು ಮಾತಾಡಲಿಲ್ಲ.

ಕ್ಯಾಂಡಿಯಿಂದ ನುವರ ಎಲಿಯಕ್ಕೆ ಎ5 ರಸ್ತೆಯಲ್ಲಿ ಹತ್ತಿರ ಹತ್ತಿರ 80 ಕಿಲೋಮೀಟರ್. ಕಾರಿನವರು ಮೂರು ಗಂಟೆ ಅನ್ನುತ್ತಾರೆ, ನೀವು ಮೂರು ದಿನ ಮಾಡಿ. ಪೆರಾದೆನಿಯ, ಗಂಪೊಲವರೆಗೆ ರಸ್ತೆ ಸುಮಾರು ಸಮತಟ್ಟು. ಗಂಪೊಲ ದಾಟಿದ ಮೇಲೆ ಏರು ಶುರು, ಅರ್ಧ ದಾರಿಯಲ್ಲಿ ಪುಸ್ಸೆಲ್ಲಾವ ಸಿಗುತ್ತದೆ. ಈ ಮೊದಲ ದಿನ ಮಾತ್ರ ದೂರ ಸ್ವಲ್ಪ ಜಾಸ್ತಿ, ರಾತ್ರಿ ಅಲ್ಲಿ ಉಳಿಯಿರಿ. ಎರಡನೇ ದಿನ ರಂಬೊಡ. ದೂರ ಕಮ್ಮಿ, ಬೇಗ ಮುಗಿಸಿ 109 ಮೀಟರ್ ಎತ್ತರದ ಜಲಪಾತ ನೋಡುತ್ತಾ ಕಾಲಿಗೆ ವಿಶ್ರಾಂತಿ ಕೊಡಿ. ರಂಬೊಡದ ಹತ್ತಿರ ಒಂದು ಚಿಕ್ಕ ಸುರಂಗ ಬರುತ್ತದೆ, ಒಳಗೆ ಹೋಗುವ ಮೊದಲೇ ಲೈಟು ಹಾಕಿ, ಹಿಂದೆ ವಾಹನ ಇಲ್ಲದ ಹೊತ್ತು ನೋಡಿ ಇಬ್ಬರೂ ಒಟ್ಟಿಗೆ ದಾಟಿ. ಮೂರನೇ ದಿನ ಹೇರ್‌ಪಿನ್ ತಿರುವುಗಳು, ಲಬೂಕೆಲ್ಲಿಯ ಟೀ ತೋಟಗಳು. ತಿರುವಿನ ಒಳ ಅಂಚು ಕಡಿದಾಗಿರುತ್ತದೆ. ಎದುರು ವಾಹನ ಇಲ್ಲ ಅನ್ನುವುದು ಖಾತ್ರಿ ಆದರೆ ಸ್ವಲ್ಪ ಹೊರಗಿನಿಂದ ಹೋದರೆ ಏರು ಹಗುರ.

ಈ ತೋಟಗಳೆಲ್ಲ ಮೊದಲು ಕಾಫಿ ನಾಡು. 1869ರ ಹೊತ್ತಿಗೆ ಕಾಣಿಸಿಕೊಂಡ ಎಲೆ ತುಕ್ಕು ರೋಗ ಕಾಫಿಯನ್ನು ತಿಂದು ಹಾಕಿತು. ಜೇಮ್ಸ್ ಟೇಲರ್ ಅನ್ನುವ ಸ್ಕಾಟ್ಲೆಂಡಿನವನು ಕ್ಯಾಂಡಿ ಕಡೆಯ ಲೂಲಕಂದೂರದಲ್ಲಿ 1867ರಲ್ಲೇ ಟೀ ಹಾಕಿದ್ದ, ಆಮೇಲೆ ಎಲ್ಲರೂ ಅದಕ್ಕೇ ತಿರುಗಿದರು. ತೋಟಗಳಲ್ಲಿ ದುಡಿಯುವವರು ತಮಿಳರು, ನಮ್ಮ ದೇಶದಿಂದ ಹೋದವರ ಮೊಮ್ಮಕ್ಕಳು ಮರಿಮಕ್ಕಳು. ನನ್ನ ಗೆಳೆಯ ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ಕಲಿತ ತಮಿಳು ಇಲ್ಲಿ ಬಂಗಾರವಾಯಿತು. ನೀರು, ದಾರಿ, ಉಳಿಯುವ ಮನೆ ಎಲ್ಲ ಅದರಿಂದಲೇ ಸಿಕ್ಕಿತು. ಲಬೂಕೆಲ್ಲಿ ಏರಿನಲ್ಲಿ ಎಲೆ ಬುಟ್ಟಿ ಹೊತ್ತ ಒಬ್ಬ ಅಜ್ಜಿ ನಮ್ಮ ಪಕ್ಕದಲ್ಲೇ, ನಮ್ಮದೇ ವೇಗದಲ್ಲಿ ನಡೆಯುತ್ತಾ ಕಾಲು ಗಂಟೆ ಅವನ ಜೊತೆ ಮಾತಾಡಿದರು. ನಿಂತು ಮಾತಾಡಿಸಬೇಕಾಗಿಯೇ ಇರಲಿಲ್ಲ.

ನುವರ ಎಲಿಯದಲ್ಲಿ ಪೂರ್ತಿ ಒಂದು ದಿನ ಬಿಡುವು ಮಾಡಿ. ಆಮೇಲೆ ಸೀತಾ ಎಲಿಯದ ಸೀತಮ್ಮನ ಗುಡಿ, ಹಕ್ಗಲ ಸಸ್ಯೋದ್ಯಾನ, ವೆಲಿಮಡ, ಬಂಡಾರವೆಲ, 'ಎಲ್ಲ'. ಒಟ್ಟಾರೆ ಇಳಿತವೇ ಜಾಸ್ತಿ, ನಡುನಡುವೆ ಏರು. ಎರಡು ದಿನ ಸಾಕು. 'ಎಲ್ಲ'ದಲ್ಲಿ ಒಂಬತ್ತು ಕಮಾನಿನ ರೈಲು ಸೇತುವೆ ನೋಡಲು ಟ್ರೈಕ್ ಬಿಟ್ಟು ನಡೆದು ಹೋಗಿ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ

'ಎಲ್ಲ' 1,040 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ವೆಲ್ಲವಾಯಕ್ಕೆ 28 ಕಿಲೋಮೀಟರ್ ಒಳಗೆ 800 ಮೀಟರಿಗೂ ಜಾಸ್ತಿ ಇಳಿತ. 100 ಕೆ.ಜಿ. ಭಾರ 800 ಮೀಟರ್ ಇಳಿದರೆ ಹೊರಬರುವ ಶಕ್ತಿ ಎರಡೂವರೆ ಲೀಟರ್ ನೀರನ್ನು ಕುದಿಸುವಷ್ಟು. ಗಾಳಿ ಒಂದು ಪಾಲು ತಗೊಳ್ಳುತ್ತದೆ. ಉಳಿದದ್ದೆಲ್ಲ ಮುಂದಿನ ಎರಡು ಚಕ್ರದ ಬ್ರೇಕಿಗೇ ಹೋಗಬೇಕು.

ನಾನು ಇಲ್ಲೇ ತಪ್ಪು ಮಾಡಿದೆ. ಭಯಕ್ಕೆ ಲಿವರನ್ನು ಒಂದೇ ಸಮ ಮೆಲ್ಲಗೆ ಹಿಡಿದೇ ಇಳಿದೆ. ಒಂದೆರಡು ಕಿಲೋಮೀಟರಿಗೆ ಲಿವರು ಹ್ಯಾಂಡಲ್ ತನಕ ಬರತೊಡಗಿತು, ಗಾಡಿ ನಿಲ್ಲುತ್ತಿಲ್ಲ. ಹಿಂದಿನಿಂದ ಎರಡು ಸಲ ಗಂಟೆ ಹೊಡೆದದ್ದು ಕೇಳಿಸಿತು. "ನಿಲ್ಸ್ಲಾ, ಏನೋ ತಳ ಹಿಡ್ದಂಗೆ ವಾಸ್ನೆ ಬತ್ತಾ ಅದೆ ಕಣ್ಲಾ!" ಆಲೆಮನೆಯಲ್ಲಿ ಬೆಳೆದವನ ಮೂಗು ಅದು. ಗುಡ್ಡದ ಕಡೆಯ ಮಣ್ಣಿಗೆ ಗಾಡಿ ಉಜ್ಜಿ ನಿಲ್ಲಿಸಿದೆ. ಚಕ್ರದ ಬ್ರೇಕ್ ಡ್ರಮ್ಮಿನ ಹತ್ತಿರ ಅಂಗೈ ತಂದರೆ ಒಲೆಯ ಮುಂದೆ ಹಿಡಿದ ಹಾಗೆ ಕಾವು. ಅಲ್ಲೇ ಅರ್ಧ ಗಂಟೆ ಕೂತೆವು.

ಸರಿಯಾದ ಕ್ರಮ ಇದು. ವೇಗ ಗಂಟೆಗೆ 25 ಕಿಲೋಮೀಟರ್ ಮುಟ್ಟಿದಾಗ ಗಟ್ಟಿಯಾಗಿ ಬ್ರೇಕ್ ಹಿಡಿದು 10ಕ್ಕೆ ತನ್ನಿ, ಪೂರ್ತಿ ಬಿಟ್ಟುಬಿಡಿ, ಗಾಳಿಗೆ ಆರಲಿ, ಮತ್ತೆ ಹಿಡಿಯಿರಿ. ಎರಡು ಲಿವರೂ ಒಂದೇ ಬಲದಲ್ಲಿ, ಇಲ್ಲವಾದರೆ ಗಾಡಿ ಒಂದು ಕಡೆ ಎಳೆಯುತ್ತದೆ. ಪ್ರತಿ ಎರಡು ಕಿಲೋಮೀಟರಿಗೆ ನಿಲ್ಲಿಸಿ. ಬಿಸಿ ಇದೆಯಾ ನೋಡಲು ಡ್ರಮ್ಮಿಗೆ, ಡಿಸ್ಕಿಗೆ ಬೆರಳು ಮುಟ್ಟಿಸಬೇಡಿ, ಸುಟ್ಟುಹೋಗುತ್ತದೆ, ಹತ್ತಿರ ತಂದರೇ ಗೊತ್ತಾಗುತ್ತದೆ. ನೀರು ಸುರಿಯುವುದೂ ಬೇಡ, ಕಾದ ಲೋಹಕ್ಕೆ ಒಳ್ಳೆಯದಲ್ಲ.

ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗಲ್ಲ. ಎಡಕ್ಕೆ ತಿರುಗುವಾಗ ಭುಜ, ತಲೆ ಎಡಕ್ಕೆ ಬಾಗಿಸಿ. ಟ್ರೈಕ್ ಸೈಕಲ್ಲಿನ ಹಾಗೆ ತಾನೇ ವಾಲುವುದಿಲ್ಲ, ನೀವು ವಾಲದಿದ್ದರೆ ಒಳಗಿನ ಚಕ್ರ ನೆಲ ಬಿಡುತ್ತದೆ. ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಇದನ್ನು ಖಾಲಿ ಗಾಡಿಯಲ್ಲಿ ಹತ್ತು ಸಲ, ಸಾಮಾನು ಹೇರಿ ಹತ್ತು ಸಲ ಮಾಡಿ ಹೋಗಿ. ದಾರಿಯಲ್ಲಿ ಸಿಗುವ ರಾವಣ ಜಲಪಾತದಲ್ಲಿ ಎಲ್ಲರೂ ನಿಲ್ಲುತ್ತಾರೆ. ನೀವೂ ನಿಲ್ಲಿ, ಬ್ರೇಕಿಗೂ ಆರಾಮ.

ಊಟ, ವಸತಿ, ತುರ್ತು

ಬೆಳಿಗ್ಗೆ ಇಂಡಿಯಾಪ್ಪ ಸಿಗುತ್ತದೆ, ನಮ್ಮ ಒತ್ತು ಶ್ಯಾವಿಗೆಯೇ. ಸಸ್ಯಾಹಾರಿಗಳು ಜೊತೆಗೆ ಬರುವ ಕಾಯಿ ಸಂಬೋಲವನ್ನು ಕೇಳಿ ತಿನ್ನಿ, ಅದರಲ್ಲಿ ಒಣ ಮೀನಿನ ಪುಡಿ ಹಾಕುವ ರೂಢಿ ಇದೆ. ಕೆಳಗಿನ ಊರುಗಳಲ್ಲಿ ಕಿತ್ತಳೆ ಬಣ್ಣದ ಎಳನೀರು 'ತಂಬಿಲಿ' ಸಿಗುತ್ತದೆ. ಮದ್ದೂರಿನ ಎಳನೀರು ಕುಡಿದು ಬೆಳೆದವರಿಗೂ ರುಚಿಸುತ್ತದೆ.

ರೂಮು ನೋಡುವಾಗ ನೆಲಮಹಡಿ ಕೇಳಿ. ಬಹಳ ಬಾಗಿಲುಗಳು ಟ್ರೈಕ್‌ಗಿಂತ ಕಿರಿದು. ಒಂದು ಬದಿಯ ಚಕ್ರ ಮೇಲೆತ್ತಿ ಓರೆಯಾಗಿಸಿದರೆ ಒಳಗೆ ಹೋಗುತ್ತದೆ, ಇಬ್ಬರು ಇದ್ದರೆ ಒಂದು ನಿಮಿಷದ ಕೆಲಸ. ಒದ್ದೆ ಹುಲ್ಲಿನ ಮೇಲೆ ಕೂರಬೇಡಿ, ಕೊಡಗಿನಂತೆ ಜಿಗಣೆ ಇವೆ. ಆಂಬುಲೆನ್ಸಿಗೆ 1990, ಪೊಲೀಸರಿಗೆ 119. ಈ ಆಂಬುಲೆನ್ಸ್ ಸೇವೆ 2016ರಲ್ಲಿ ನಮ್ಮ ದೇಶದ ನೆರವಿನಿಂದಲೇ ಶುರುವಾದದ್ದು, ಉಚಿತ. ಎರಡೂ ನಂಬರನ್ನು ಟ್ರೈಕ್ ಫ್ರೇಮಿನ ಮೇಲೆ ಬರೆದು ಅಂಟಿಸಿ, ಗೆಳೆಯನ ರಕ್ತದ ಗುಂಪು ಮತ್ತು ಮಾತ್ರೆಗಳ ಹೆಸರಿನ ಚೀಟಿ ನಿಮ್ಮ ಜೇಬಿನಲ್ಲಿರಲಿ, ನಿಮ್ಮದು ಅವನ ಜೇಬಿನಲ್ಲಿ.

ವೆಲ್ಲವಾಯ ತಲುಪಿದ ಮೇಲೆ ಮತ್ತೆ ಬಾಡಿಗೆ ಗಾಡಿ ಹಿಡಿದು ಕೊಲಂಬೊಗೆ ಬನ್ನಿ. ಡಬ್ಬಕ್ಕೆ ಹಾಕುವ ಮೊದಲು ಚೈನು ಒರೆಸಿ, ಟೈರಿನ ಮಣ್ಣು ತೊಳೆದು ಒಣಗಿಸಿ. ಬೆಂಗಳೂರಿನಲ್ಲಿ ಮಾಡಿಸಿದ ಕಸ್ಟಮ್ಸ್ ಪತ್ರ ಡಬ್ಬದೊಳಗೆ ಬೇಡ, ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲೇ ಇರಲಿ.